ಕೈಯಿಲ್ಲದ ತಲೆ

ಮಾರ್ಚ್ 3, ಸೋಮವಾರ

ಸಿಟ್ಟು ಬಂದಾಗ ಕೂಗಾಡಬೇಡಿ, ಬರೆಯಿರಿ ಎಂದು ಬಿಪಿ ನೋಡುವ ಡಾಕ್ಟರಮ್ಮ ಹೇಳಿ ಎಷ್ಟೋ ದಿನವಾಯಿತು. ಇಲ್ಲಿಯವರೆಗೆ ಕೂಗಾಡಿಯೇ ನಿಭಾಯಿಸಿಕೊಂಡು ಬಂದಿದ್ದೆ. ಇವತ್ತು ಎದುರಿಗಿದ್ದವರು ಬಾಸ್. ಕೂಗಾಡುವ ಹಾಗಿರಲಿಲ್ಲ. ಅದಕ್ಕೇ ಈ ಪುಸ್ತಕ ತೆರೆದಿದ್ದೇನೆ.

ವಿಷಯ ಇಷ್ಟೇ. ನಮ್ಮ ಕಂಪನಿ ಕಿವಿಯ ಮಷೀನಿಗೆ ಸಾಫ್ಟ್‌ವೇರ್ ಮಾಡುತ್ತದೆ. ಕಿವಿ ಮಂದವಾದವರು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದರೊಳಗಿನ ಬುದ್ಧಿ ನಮ್ಮದು. ಆ ಬುದ್ಧಿ ಎಲ್ಲಿ ಕೈಕೊಡುತ್ತದೆ ಎಂದು ಜನರ ಕಿವಿಗೆ ಹೋಗುವ ಮೊದಲೇ ಹಿಡಿಯುವುದು ನನ್ನ ಕೆಲಸ. ನನ್ನ ಜೊತೆ ಇಬ್ಬರಿದ್ದಾರೆ. ಒಬ್ಬಳು ಗಡಿಬಿಡಿ, ಎರಡು ಮಕ್ಕಳ ತಾಯಿ, ಕೂತಲ್ಲಿ ಕೂರುವವಳಲ್ಲ. ಇನ್ನೊಬ್ಬ ಮೌನಿ. ಅವನಿಗೆ ಮಾತು ತಡವರಿಸುತ್ತದೆ, ಅದಕ್ಕೇ ಮಾತಾಡುವುದಿಲ್ಲ, ಆದರೆ ಅವನ ಬೆರಳಿನಿಂದ ತಪ್ಪಿಸಿಕೊಂಡ ತಪ್ಪು ಕಡಿಮೆ. ನಮ್ಮ ವಿಧಾನ ತಡಕಾಟ. ಮಷೀನನ್ನು ಕೈಗೆತ್ತಿಕೊಂಡು ಆತುರದವರ ಹಾಗೆ ಒತ್ತು, ಮರೆಗುಳಿಯ ಹಾಗೆ ಒತ್ತು, ಗಂಡನ ಮೇಲೆ ಸಿಟ್ಟಾದವರ ಹಾಗೆ ಒತ್ತು. ಎಲ್ಲಿ ವಾಸನೆ ಬರುತ್ತದೋ ಅಲ್ಲಿ ಅಗೆ.

ಹೋದ ತಿಂಗಳು ಯೂನಿವರ್ಸಿಟಿಯಿಂದ ನೇರವಾಗಿ ನಮ್ಮಲ್ಲಿಗೆ ಇಳಿದ ಮಹಾಶಯನೊಬ್ಬನಿದ್ದಾನೆ. ಕಾಫಿ ಚೆನ್ನಾಗಿದೆ ಎಂದರೂ "ಅದಕ್ಕೆ ಪುರಾವೆ ಏನು?" ಎನ್ನುವ ಆಸಾಮಿ. ನಾನು ಅವನಿಗೆ ಪುರಾವೆ ಎಂದೇ ಹೆಸರಿಟ್ಟಿದ್ದೇನೆ. ಅವನ ವಿಧಾನ ಪಟ್ಟಿ. ಮಷೀನಿನ ಪ್ರತಿ ಸೆಟ್ಟಿಂಗೂ ಉಳಿದ ಪ್ರತಿ ಸೆಟ್ಟಿಂಗಿನ ಜೊತೆ ಒಮ್ಮೆಯಾದರೂ ಸೇರಬೇಕಂತೆ. ಕಂಪ್ಯೂಟರೇ ಜೋಡಿ ಮಾಡುತ್ತದೆ, ಕಂಪ್ಯೂಟರೇ ಓಡಿಸುತ್ತದೆ. ಎಲ್ಲರಿಗೂ ಎಲ್ಲರನ್ನೂ ಪರಿಚಯ ಮಾಡಿಸಿಯೇ ಊಟ ಬಡಿಸುವ ಪಾರ್ಟಿಯ ಹಾಗೆ.

ಇವತ್ತು ಬಾಸ್ ಎರಡೂ ತಂಡವನ್ನು ಕೂರಿಸಿಕೊಂಡು, "ಇಬ್ರನ್ನೂ ಸಾಕೋಕಾಗಲ್ಲ. ಒಂದು ವಿಧಾನ ಇಟ್ಕೋತೀವಿ. ಇನ್ನೊಂದು ತಂಡ ಫೋನ್ ಮೇಜಿಗೆ" ಎಂದರು.

ಫೋನ್ ಮೇಜೆಂದರೆ ದೂರು ಕೇಳುವ ಜಾಗ. ಕಿವಿ ಕೇಳದವರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ! ದಿನವಿಡೀ ಅರಚಬೇಕು. ನಾನೇನೋ ಅರಚಿಯೇನು. ಮೌನಿ ಏನು ಮಾಡಬೇಕು? ಅವನ ಮುಖ ನೋಡಲಾಗದೆ ಕಿಟಕಿ ನೋಡಿದೆ.

ಮನೆಗೆ ಬಂದರೆ ಅಪ್ಪನ ಕಿವಿಯ ಮಷೀನು ಮತ್ತೆ ಡ್ರಾಯರಿನಲ್ಲಿ. ನಮ್ಮ ಕಂಪನಿಯದೇ, ನಾನೇ ಪರೀಕ್ಷಿಸಿದ್ದು.

"ಯಾಕಪ್ಪಾ ಹಾಕ್ಕೊಂಡಿಲ್ಲ?"

"ಅದು ಕೂಗುತ್ತೆ ಕಣೇ."

"ಕೂಗಲ್ಲಪ್ಪಾ, ನನಗೆ ಗೊತ್ತು. ನಿನಗೆ ಸರಿಯಾಗಿ ಹಾಕ್ಕೊಳೋಕೆ ಬರಲ್ಲ, ಅಷ್ಟೆ."

"ಹೂಂ" ಎಂದ. ಬಸ್ ಓಡಿಸಿ ನಿವೃತ್ತನಾದ ಮನುಷ್ಯ. ಇಡೀ ಆಯುಷ್ಯ ಹಾರನ್ನು ಕೇಳಿದವನಿಗೆ ಈಗ ಒಂದು ಸಣ್ಣ ಮಷೀನು ಜಾಸ್ತಿಯಾಯಿತೇ? ಹಟ ಅಷ್ಟೆ.

ಮಾರ್ಚ್ 5, ಬುಧವಾರ

ಪುರಾವೆಯ ಜೊತೆ ಜಗಳ.

ನಾನು ಹೇಳಿದೆ: "ಇಷ್ಟು ವರ್ಷದ ಅನುಭವ ಇದೆ ನನಗೆ."

"ಅನುಭವ ಬೇಡ ಅನ್ನಲ್ಲ ಮೇಡಂ. ನಿಮ್ಮ ವಿಧಾನದಿಂದ ಎಷ್ಟು ಸಿಕ್ಕಿತು ಅಂತ ಗೊತ್ತು. ಎಷ್ಟು ತಪ್ಪಿಸಿಕೊಂಡಿತು ಅಂತ ಗೊತ್ತಾ?"

"ತಪ್ಪಿಸಿಕೊಂಡಿದ್ದು ಹೇಗ್ರೀ ಗೊತ್ತಾಗುತ್ತೆ?"

"ಅದೇ ನನ್ನ ಪ್ರಶ್ನೆ" ಎಂದು ಕನ್ನಡಕ ಒರೆಸಿಕೊಂಡ. ಮೈಯೆಲ್ಲ ಉರಿದುಹೋಯಿತು. ತಮಾಷೆಯೆಂದರೆ ತನ್ನ ಪಟ್ಟಿಯ ಮೇಲೂ ಅವನಿಗೆ ಅಷ್ಟೇ ಅನುಮಾನ. ಅದೇ ಇನ್ನೂ ಸಿಟ್ಟು ತರಿಸುತ್ತದೆ. ಜಗಳಕ್ಕೆ ಬಂದವನು ನೆಟ್ಟಗೆ ಜಗಳವಾಡಬೇಕಪ್ಪ.

ಕೊನೆಗೆ ಅವನೇ ಒಂದು ಪಂದ್ಯ ಸೂಚಿಸಿದ. ಗೊತ್ತಿರುವ ಹಳೆಯ ತಪ್ಪುಗಳನ್ನು ಬೇಕೆಂದೇ ಸಾಫ್ಟ್‌ವೇರಿನ ಒಂದು ನಕಲಿನಲ್ಲಿ ಬಚ್ಚಿಡುವುದು. ಒಂದು ವಾರ ಎರಡೂ ತಂಡ ಹುಡುಕುವುದು. ಯಾರು ಹೆಚ್ಚು ಹಿಡಿದರೋ ಅವರ ವಿಧಾನ ಉಳಿಯುವುದು. ಬಾಸ್ ಖುಷಿಯಿಂದ ಒಪ್ಪಿದರು. ನಾನೂ ಒಪ್ಪಿದೆ. ಗೆಲ್ಲುತ್ತೇನೆ ಎಂದು ನನಗೆ ಗೊತ್ತು.

ಮಾರ್ಚ್ 6, ಗುರುವಾರ

ನಾವು ಹಿಡಿದ ತಪ್ಪುಗಳನ್ನೇ ಬಚ್ಚಿಟ್ಟರೆ ನಮಗೆ ನೆನಪಿರುತ್ತದಲ್ಲ. ಹಾಗಾಗಿ ಬೇರೆ ಊರಿನ ನಮ್ಮ ಶಾಖೆಯವರು ಹಿಡಿದ ತಪ್ಪುಗಳನ್ನು ತರಿಸುತ್ತಾರಂತೆ. ನಮ್ಮಿಬ್ಬರಿಗೂ ಅವು ಹೊಸವು. ಇದಕ್ಕಿಂತ ನ್ಯಾಯ ಬೇಕೇ? ಶಾಖೆಯ ಹುಡುಗರು ಚೂಟಿ. ಚೂಟಿಯಾಗಿರದೆ ಏನು, ಎರಡು ತಿಂಗಳು ಅಲ್ಲೇ ಠಿಕಾಣಿ ಹೂಡಿ ಕಲಿಸಿಬಂದವಳು ನಾನು!

ಸಂಜೆ ಅಪ್ಪನ ಇಸ್ಪೀಟಿನ ಗೆಳೆಯ ಸಿಕ್ಕಿದ್ದರು, ನಿವೃತ್ತ ಪೋಸ್ಟ್‌ಮಾಸ್ಟರು. ಅಪ್ಪ ಪಾರ್ಕಿಗೆ ಬರುವುದನ್ನೇ ಬಿಟ್ಟಿದ್ದಾನಂತೆ. "ನಾಲ್ಕನೇ ಕೈ ಇಲ್ದೆ ಆಟ ಸಪ್ಪೆ ಕಣಮ್ಮಾ. ಬಂದ್ರೂ ಸುಮ್ನೆ ಕೂತಿರ್ತಿದ್ದ. ಜೋಕಿಗೆ ಎಲ್ರೂ ನಕ್ಕಾದ ಮೇಲೆ ನಗ್ತಿದ್ದ."

ಮನೆಯಲ್ಲಿ ನಮ್ಮವರಿಗೆ ಹೇಳಿದರೆ, "ಮಾವಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ನಾನು ಹೇಳಿದ್ದೆಲ್ಲ ಕೇಳ್ಸುತ್ತಪ್ಪ!" ಎಂದರು. ಇವರು ಈಜು ಕಲಿಸುವ ಮಾಸ್ತರರು. ಇವರ ಗಂಟಲು ಈಜುಕೊಳದ ಆಚೆ ದಡಕ್ಕೂ ಮುಟ್ಟುವಂಥದ್ದು. ಇವರ ಮಾತು ಪಕ್ಕದ ಮನೆಯ ಗೋಡೆಗೂ ಕೇಳಿಸುತ್ತದೆ. ಅದನ್ನು ನಂಬಿಕೊಂಡು ಅಪ್ಪನ ಕಿವಿ ಅಳೆಯುವುದೇ? ಪುರಾವೆ ಇದ್ದಿದ್ದರೆ ಇವರ ಚಳಿ ಬಿಡಿಸುತ್ತಿದ್ದ. ಛೆ, ಅವನ ಹೆಸರು ಇಲ್ಲೂ ಬಂತು.

ಮಾರ್ಚ್ 10, ಸೋಮವಾರ

ಪಂದ್ಯ ಶುರು. ಕೈತುಂಬ ಸಿಗುತ್ತಿವೆ. ಮೌನಿ ಒಂದೇ ದಿನದಲ್ಲಿ ಮೂರು.

ಮಾರ್ಚ್ 12, ಬುಧವಾರ

ಪುರಾವೆ ತನ್ನ ಮೇಜಿನಲ್ಲಿ ಕಾಫಿ ಹೀರುತ್ತ ಕೂತಿದ್ದಾನೆ. ಕಂಪ್ಯೂಟರು ದುಡಿಯುತ್ತಿದೆ. ಲ್ಯಾಬಿನಲ್ಲಿ ಇರುವ ರಬ್ಬರಿನ ತಲೆಗೆ ಮಷೀನು ಸಿಕ್ಕಿಸಿ, ಅದರ ಕಿವಿಯೊಳಗೆ ಏನು ಕೇಳಿಸಿತು ಎಂದು ದಾಖಲಿಸುತ್ತಾನೆ. ಆ ತಲೆಗೆ ನಾವು ಭಾವ ಎಂದು ಹೆಸರಿಟ್ಟಿದ್ದೇವೆ. ನಾನೂ ಭಾವನ ಮೇಲೆಯೇ ತಡಕಾಡುವುದು. ಭಾವ ಎಷ್ಟು ಬೈದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಗೊಬ್ಬರು ಅಂಥವರು ಬೇಕು.

ಮಾರ್ಚ್ 14, ಶುಕ್ರವಾರ

ಗೆದ್ದೆವು!

ನಾವು ಹದಿನಾಲ್ಕು, ಪಟ್ಟಿ ಒಂಬತ್ತು. ಗಡಿಬಿಡಿ ಕುರ್ಚಿಯ ಮೇಲೆ ಹತ್ತಿ ನಿಂತಳು. ಮೌನಿ ನಕ್ಕ, ಹಲ್ಲು ಕಾಣುವ ಹಾಗೆ. ಬಾಸ್ ಕೈ ಕುಲುಕಿ, "ಪುರಾವೆ ಸಮೇತ ಗೆದ್ದಿದೀರಿ. ಸೋಮವಾರದಿಂದ ಹತ್ತು ದಿನ ರಜೆ ಹೋಗ್ತಿದೀನಿ. ಬಂದ ಮೇಲೆ ಆರ್ಡರ್ ಬರೀತೀನಿ, ತಿಂಗಳ ಕೊನೆಗೆ ಹೊಸ ಸಾಫ್ಟ್‌ವೇರ್ ಬಿಡುಗಡೆ" ಎಂದರು. ಪುರಾವೆ ಕೇಕ್ ತಂದುಕೊಟ್ಟ. ಸೋತ ಮುಖವಿರಲಿಲ್ಲ, ಏನೋ ಲೆಕ್ಕ ಹಾಕುತ್ತಿರುವ ಮುಖ. "ಏನ್ರೀ?" ಎಂದೆ. "ಏನಿಲ್ಲ ಮೇಡಂ, ಅಭಿನಂದನೆ" ಎಂದ. ಅವನಿಗಾಗಿ ಒಂದು ಚೂರು ಪಾಪ ಅನ್ನಿಸಿತು. ಒಂದೇ ಚೂರು.

ಕೇಕಿನ ತುಂಡು ಅಪ್ಪನಿಗೂ ತಂದೆ. ಗೆದ್ದ ಕಥೆ ಹೇಳಿದೆ. "ಹೂಂ" ಎಂದ. ಎರಡನೇ ಸಲ ಜೋರಾಗಿ ಹೇಳಿದೆ. ಆಗಲೂ "ಹೂಂ."

ಮಾರ್ಚ್ 16, ಭಾನುವಾರ

ಗೆದ್ದ ಹುರುಪಿನಲ್ಲಿ ಅಪ್ಪನನ್ನು ಹೊರಡಿಸಿಯೇಬಿಟ್ಟೆ. ಮಷೀನನ್ನು ನಾನೇ ಕೈಯಾರೆ ಅವನ ಕಿವಿಗೆ ಸಿಕ್ಕಿಸಿದೆ. ಇನ್ನು ಹಾಕಿಕೊಳ್ಳಲು ಬರುವುದಿಲ್ಲ ಎನ್ನುವ ಪ್ರಶ್ನೆಯೇ ಇಲ್ಲ. ಪಾರ್ಕಿನ ಗದ್ದಲಕ್ಕೆಂದು ಫೋನಿನಲ್ಲಿ ಗುಂಪಿನ ಸೆಟ್ಟಿಂಗು ಒತ್ತಿದೆ. ಚಾರ್ಜು ಕಡಿಮೆಯಿತ್ತು, ಎರಡು ಗಂಟೆಗೆ ಸಾಕಾದೀತು ಎಂದುಕೊಂಡೆ.

ಕಲ್ಲು ಮೇಜಿನ ಸುತ್ತ ನಾಲ್ವರು. ಎಲೆ ಹಂಚಿದರು. ಅಪ್ಪ ಯೋಚನೆ ಮಾಡುವಾಗ ಯಾವಾಗಲೂ ಮಾಡುವ ಹಾಗೆ ಎಡಗೆನ್ನೆಯನ್ನು ಅಂಗೈಗೆ ಆನಿಸಿಕೊಂಡ. ತಕ್ಷಣ ಕುಕ್ಕರಿನ ಸೀಟಿಯಂಥ ಸದ್ದು. ಪಕ್ಕದಲ್ಲಿದ್ದ ನನಗೇ ಕೇಳಿಸಿತು. ಅಪ್ಪ ಬೆಚ್ಚಿಬಿದ್ದು ಕಿವಿಯಿಂದ ಕಿತ್ತು ತೆಗೆದ. ಎಲೆಗಳೆಲ್ಲ ನೆಲಕ್ಕೆ ಬಿದ್ದವು. ಪೋಸ್ಟ್‌ಮಾಸ್ಟರು ಬಗ್ಗಿ ಆರಿಸಿಕೊಡುತ್ತ, "ಅದೇ ಸೀಟಿ ಅಲ್ವೇನೋ? ಹೋದ ಸಲಾನೂ ಹೀಗೇ ಆಗಿತ್ತು" ಎಂದರು.

ಅಪ್ಪ ಮಷೀನನ್ನು ನನ್ನ ಕೈಗಿಟ್ಟ. ಬಯ್ಯಲಿಲ್ಲ. "ಸರಿಯಾಗಿ ಹಾಕ್ಕೊಳೋಕೆ ಬರಲ್ಲ ನಂಗೆ" ಎಂದ.

ಹಾಕಿದ್ದು ನಾನು.

ಮಾರ್ಚ್ 17, ಸೋಮವಾರ

ಬೆಳಗ್ಗೆಯಿಂದ ಭಾವನ ಕಿವಿಗೆ ಅಪ್ಪನ ಮಷೀನು ಸಿಕ್ಕಿಸಿ ಕೂತೆ. ಗುಂಪಿನ ಸೆಟ್ಟಿಂಗು, ಕಡಿಮೆ ಚಾರ್ಜು, ಪಾರ್ಕಿನಷ್ಟೇ ಗದ್ದಲ. ಭಾವ ಗಪ್‌ಚುಪ್. ಒಂದು ಸದ್ದಿಲ್ಲ. ಪುರಾವೆಯ ಪಟ್ಟಿಯಲ್ಲಿ ನೋಡಿಸಿದೆ. ಗುಂಪು ಮತ್ತು ಕಡಿಮೆ ಚಾರ್ಜಿನ ಜೋಡಿ ಅವನಲ್ಲಿತ್ತು, ಓಡಿಸಿದ್ದ, ಎದುರಿಗೆ ಸರಿ ಎಂದಿತ್ತು. ನಮ್ಮ ತಡಕಾಟ ಆ ಕಡೆ ಹೋಗಿಯೇ ಇರಲಿಲ್ಲ. ಹೋಗುವುದು ಹೇಗೆ? ಲ್ಯಾಬಿನಲ್ಲಿ ಮಷೀನು ಸದಾ ಚಾರ್ಜಿಗೆ ಚುಚ್ಚಿಯೇ ಇರುತ್ತದೆ.

ಮಧ್ಯಾಹ್ನದ ಹೊತ್ತಿಗೆ ತಲೆ ಕೆಟ್ಟು ಭಾವನ ಕೆನ್ನೆಗೆ ಕೈಯಿಟ್ಟು, "ಏನಪ್ಪಾ, ನೀನಾದ್ರೂ ಬಾಯಿ ಬಿಡಬಾರ್ದಾ?" ಎಂದೆ.

ಕೂಊಊ!

ಗಡಿಬಿಡಿಯ ಕೈಯಿಂದ ಕಾಫಿ ಲೋಟ ಜಾರಿತು. ಕೈ ತೆಗೆದೆ, ಸುಮ್ಮನಾಯಿತು. ಇಟ್ಟೆ, ಕೂಗಿತು. ಪುರಾವೆ ಓಡಿಬಂದ. ಇಬ್ಬರೂ ಸೇರಿ ಹೊತ್ತು ಮುಳುಗುವವರೆಗೆ ಅದರ ಬುಡ ಹುಡುಕಿದೆವು. ಚಾರ್ಜು ಇಳಿದಾಗ ಉಳಿತಾಯಕ್ಕೆಂದು ಮಷೀನು ಸೀಟಿ ತಡೆಯುವ ಭಾಗವನ್ನು ಆಫ್ ಮಾಡಿಬಿಡುತ್ತದೆ. ಗುಂಪಿನ ಸೆಟ್ಟಿಂಗಿನಲ್ಲಿ ಸದ್ದು ಹೆಚ್ಚು. ಎರಡೂ ಸೇರಿದಾಗ ಕಿವಿಯ ಹತ್ತಿರ ಕೈ ಬಂದರೆ ಮುಗಿಯಿತು.

"ಪಟ್ಟಿ ಜಾಗಕ್ಕೆ ಸರಿಯಾಗಿ ಹೋಗಿತ್ತು" ಎಂದ ಪುರಾವೆ, ಭಾವನನ್ನೇ ದಿಟ್ಟಿಸುತ್ತ. "ಆದ್ರೆ ಈ ತಲೆಗೆ ಕೈಯಿಲ್ಲ."

ಇಷ್ಟು ವರ್ಷ ಕೈಯಿಲ್ಲದ ತಲೆಯನ್ನು ಕೇಳಿ ಕೈಯಿರುವವರಿಗೆ ಮಷೀನು ಕೊಟ್ಟಿದ್ದೇವೆ. ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಮಾರ್ಚ್ 18, ಮಂಗಳವಾರ

ಫೋನ್ ಮೇಜಿಗೆ ಹೋಗಿದ್ದೆ. ಕಟ್ಟಡದ ನೆಲಮಹಡಿ, ಜೆರಾಕ್ಸ್ ಮಷೀನಿನ ಪಕ್ಕ. ಇಷ್ಟು ವರ್ಷದಲ್ಲಿ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಯಾರೂ ಅರಚುತ್ತಿರಲಿಲ್ಲ. ಫೋನ್ ಮೇಜಿನಾಕೆ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು.

"ಸೀಟಿ ಹೊಡೆಯುತ್ತೆ ಅಂತ ಯಾರಾದ್ರೂ ಹೇಳ್ತಾರಾ?"

"ವಾರ ವಾರಾನೂ ಹೇಳ್ತಾರೆ ಮೇಡಂ."

"ನೀವೇನು ಹೇಳ್ತೀರಿ?"

"ಸರಿಯಾಗಿ ಹಾಕ್ಕೊಳ್ಳಿ, ಒಳಗೆ ಒತ್ತಿ ಅಂತ. ನೀವೇ ಅಲ್ವಾ ಹಾಗೆ ಹೇಳಿ ಅಂತ ಹೇಳಿದ್ದು?"

ನಾನೇ. ಅಪ್ಪನಿಗೂ ಅದನ್ನೇ ಹೇಳಿದ್ದೆ. ಅಪ್ಪನಿಗೆ ಹೇಳುವಾಗ ದನಿ ಇನ್ನಷ್ಟು ಜೋರು.

ಮೆಟ್ಟಿಲು ಹತ್ತುವಾಗ ಇನ್ನೊಂದು ಹೊಳೆದು ಅಲ್ಲೇ ನಿಂತುಬಿಟ್ಟೆ. ಪಂದ್ಯಕ್ಕೆ ಬಚ್ಚಿಟ್ಟ ತಪ್ಪುಗಳನ್ನು ಮೊದಲು ಹಿಡಿದವರು ಯಾರು? ಶಾಖೆಯವರು. ಅವರಿಗೆ ಕಲಿಸಿದವಳು ಯಾರು? ನನ್ನ ತಡಕಾಟಕ್ಕೆ ಒಮ್ಮೆ ಸಿಕ್ಕವು ಇನ್ನೊಮ್ಮೆ ಸಿಗದೆ ಏನು! ನಮಗೆ ಯಾರಿಗೂ ಸಿಗದ ತಪ್ಪು ಒಂದೂ ಆ ಪಂದ್ಯದಲ್ಲಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ನನ್ನ ಬಲೆಗೆ ಬೀಳುವ ಮೀನನ್ನೇ ಕೊಳಕ್ಕೆ ಬಿಟ್ಟು, ಬಲೆ ಎಷ್ಟು ಒಳ್ಳೆಯದು ನೋಡಿ ಎಂದು ಕೇಕ್ ತಿಂದಿದ್ದೇನೆ.

ಪುರಾವೆಯ ಮೇಜಿಗೆ ಹೋಗಿ, "ನಿಮಗೆ ಮೊದಲೇ ಗೊತ್ತಿತ್ತಾ?" ಎಂದೆ.

"ಕೇಕ್ ಕತ್ತರಿಸುವಾಗ ಅನುಮಾನ ಬಂತು."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಕೇಕು" ಎಂದ. ಆಮೇಲೆ ಗಂಭೀರನಾಗಿ, "ಸೋತವನು ಹೇಳಿದ್ರೆ ಹೊಟ್ಟೆಕಿಚ್ಚು ಅಂತೀರಿ ಮೇಡಂ. ಬಾಸ್ ವಾಪಸ್ ಬರೋದ್ರೊಳಗೆ ಬೇರೆ ಪುರಾವೆ ಹುಡುಕೋಣ ಅಂತಿದ್ದೆ" ಎಂದ.

ಮಾರ್ಚ್ 20, ಗುರುವಾರ

ಹೇಳದಿದ್ದರೆ ಏನಾಗುತ್ತದೆ? ಸೀಟಿಯನ್ನು ಸದ್ದಿಲ್ಲದೆ ರಿಪೇರಿ ಮಾಡಿಸಬಹುದು. ಪುರಾವೆ ಬಾಯಿ ಬಿಡದಿದ್ದರೆ ಗೆಲುವು ಗೆಲುವಾಗಿಯೇ ಉಳಿಯುತ್ತದೆ. ಮೌನಿ ಮೇಲಿನ ಮಹಡಿಯಲ್ಲೇ ಉಳಿಯುತ್ತಾನೆ.

ಹೇಳಿದರೆ ಮೌನಿ ಫೋನಿನ ಮುಂದೆ. ಕೇಳಿಸದ ಅಜ್ಜಿಗೆ ಅವನು ಒಂದು ಮಾತು ಮುಗಿಸುವಷ್ಟರಲ್ಲಿ ಆಕೆ ಫೋನ್ ಇಟ್ಟುಬಿಟ್ಟರೆ? ಊಟ ಸೇರಲಿಲ್ಲ.

ಮಾರ್ಚ್ 21, ಶುಕ್ರವಾರ

ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿಬಿಟ್ಟೆ. ಗಡಿಬಿಡಿ ಹಾರಾಡಿದಳು. "ಗೆದ್ದಿದ್ದನ್ನ ನಾವೇ ವಾಪಸ್ ಕೊಡೋದಾ? ತಲೆ ನೆಟ್ಟಗಿದ್ಯಾ ಮೇಡಂ ನಿಮ್ಗೆ?"

ಮೌನಿ ಭಾವನ ತಲೆ ಸವರುತ್ತ ಕೂತಿದ್ದ. "ಹೇ... ಹೇ... ಹೇಳಿ ಮೇಡಂ" ಎಂದ. "ಬಾ... ಬಾಸ್‌ಗೆ ಹೇಳಿ."

"ಫೋನ್ ಮೇಜಿಗೆ ಹಾಕಿದ್ರೆ?"

ಭುಜ ಹಾರಿಸಿದ. "ಅ... ಅವರಿಗೂ ಕೇಳ್ಸಲ್ಲ. ನ... ನಂಗೂ ಬರಲ್ಲ. ಸ... ಸರಿಹೋಗುತ್ತೆ."

ಗಡಿಬಿಡಿ ನಕ್ಕು, ನಕ್ಕಿದ್ದಕ್ಕೆ ಅತ್ತಳು. ನಾನು ಅವನಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ಮಾರ್ಚ್ 27, ಗುರುವಾರ

ಬಾಸ್ ಬಂದರು, ಹೇಳಿದೆ. ಭಾವನನ್ನು ಕಂಕುಳಲ್ಲಿ ಎತ್ತಿಕೊಂಡೇ, ಪುರಾವೆಯನ್ನೂ ಕರೆದುಕೊಂಡು ಅವರ ಕೋಣೆಗೆ ಹೋಗಿದ್ದೆ. ಕೆನ್ನೆಗೆ ಕೈಯಿಟ್ಟು ಕೂಗಿಸಿ ತೋರಿಸಿದೆ. ಬಾಸ್ ಕಿವಿ ಮುಚ್ಚಿಕೊಂಡರು.

"ಹಾಗಾದ್ರೆ ಪಟ್ಟಿ ಗೆದ್ದ ಹಾಗಾ?"

"ಇಲ್ಲ, ನನ್ನದೂ ಹಿಡೀಲಿಲ್ಲ" ಎಂದ ಪುರಾವೆ. ನೆಟ್ಟಗೆ ಜಗಳವಾಡಲು ಬಾರದ ಆಸಾಮಿ ಎಂದು ಆಗಲೇ ಬರೆದಿದ್ದೇನೆ.

"ಮತ್ತೆ ಯಾವ್ದು ಒಳ್ಳೇದ್ರೀ?"

ಇಬ್ಬರೂ ಒಟ್ಟಿಗೆ "ಗೊತ್ತಿಲ್ಲ" ಎಂದೆವು. ಬಾಸ್‌ಗೆ ಪಿತ್ತ ನೆತ್ತಿಗೇರಿತು. ಸಂಬಳ ಕೊಡುವುದು ಗೊತ್ತಿಲ್ಲ ಎನ್ನುವುದಕ್ಕಾ ಎಂದು ಕೇಳಿದರು. ಅದಕ್ಕೇ ಎಂದೆ. ನಮ್ಮಲ್ಲಿರುವುದು ಹಿಡಿದ ತಪ್ಪುಗಳ ಲೆಕ್ಕ ಮಾತ್ರ. ತಪ್ಪಿಸಿಕೊಂಡವು ಜನರ ಕಿವಿಯಲ್ಲಿ ಕೂಗುತ್ತಿವೆ. ಅವನ್ನು ಕೇಳಿಸಿಕೊಂಡಿರುವುದು ಕೆಳಗಿನ ಫೋನ್ ಮೇಜು ಒಂದೇ. ಅಲ್ಲಿಂದ ಶುರುಮಾಡದೆ ಯಾವ ವಿಧಾನ ಒಳ್ಳೆಯದು ಎಂದು ಯಾರೂ ಹೇಳಲಾರರು.

"ಹಾಗಾದ್ರೆ ಫೋನ್ ಮೇಜಿಗೆ ಯಾರನ್ನ ಕಳಿಸ್ಲಿ?"

"ನನ್ನನ್ನ" ಎಂದೆ. "ಉಳಿದವರು ಇಲ್ಲೇ ಇರಲಿ. ಪಟ್ಟಿ ಇವರು ಓಡಿಸಲಿ, ಅದು ತೋರಿಸಿದ ಜಾಗದಲ್ಲಿ ಮೌನಿ, ಗಡಿಬಿಡಿ ಕೈಯಾಡಿಸಲಿ. ಆರು ತಿಂಗಳಾದ ಮೇಲೆ ಲೆಕ್ಕ ನೋಡೋಣ."

ಬಾಸ್ ಮೇಜಿನ ಮೇಲಿದ್ದ ಭಾವನ ಮುಖವನ್ನು ಗೋಡೆಗೆ ತಿರುಗಿಸಿಟ್ಟು ಒಪ್ಪಿದರು. ಬಿಡುಗಡೆ ಎರಡು ವಾರ ಮುಂದಕ್ಕೆ. ಎತ್ತಂಗಡಿ ಕೊನೆಗೂ ಆಯಿತು, ನನ್ನದು. ಇವರಿಗೆ ಹೇಳಿದರೆ, "ನಿನ್ನ ಗಂಟಲಿಗೆ ಸರಿಯಾದ ಕೆಲಸ" ಎಂದರು, ಬೀದಿಗೆಲ್ಲ ಕೇಳುವ ಹಾಗೆ.

ಏಪ್ರಿಲ್ 4, ಶುಕ್ರವಾರ

ಫೋನ್ ಮೇಜಿನಲ್ಲಿ ಬಿಡುವಿಲ್ಲ. ಇವತ್ತು ಒಬ್ಬ ಹೊಲಿಗೆಯ ಅಜ್ಜಿ ಮುಕ್ಕಾಲು ಗಂಟೆ ಮಾತಾಡಿದಳು. ಮಷೀನು ಹಾಕಿಕೊಂಡರೆ ಕತ್ತರಿಯ ಸದ್ದು ಮಾತ್ರ ಕೇಳುತ್ತದೆ, ಮೊಮ್ಮಗಳ ಮಾತು ಕೇಳುವುದಿಲ್ಲ ಎಂದಳು. ಯಾವಾಗಿನಿಂದ, ಯಾವ ಕೋಣೆಯಲ್ಲಿ ಎಂದು ವಿಚಾರಿಸಿದೆ. ಪುರಾವೆಗೆ ಹೇಳಿ ಕಳಿಸಿದರೆ ಮಧ್ಯಾಹ್ನದೊಳಗೆ ಮೌನಿ ಕತ್ತರಿ ಹಿಡಿದು ಭಾವನ ಸುತ್ತ ಸುತ್ತುತ್ತಿದ್ದನಂತೆ. ಭಾವನಿಗೆ ಎರಡು ರಬ್ಬರ್ ಕೈಯೂ ತರಿಸಿದ್ದಾರಂತೆ. ಒಂದರಲ್ಲಿ ಆರು ಬೆರಳು.

ಬಿಪಿ ನೋಡಿಸಿದೆ. ಇಳಿದಿದೆ. ಬರೆದದ್ದಕ್ಕೇ ಇಳಿಯಿತು ಎಂದರು ಡಾಕ್ಟರಮ್ಮ. ಮೆಟ್ಟಿಲು ಹತ್ತುವುದು ನಿಂತಿದ್ದಕ್ಕೋ, ಉಪ್ಪು ಬಿಟ್ಟಿದ್ದಕ್ಕೋ, ಹೇಗೆ ಹೇಳುವುದು? ಕೇಳಿದೆ. ನನ್ನನ್ನು ಬೇಗ ಹೊರಗೆ ಕಳಿಸಿದರು.

ಏಪ್ರಿಲ್ 13, ಭಾನುವಾರ

ಹೊಸ ಸಾಫ್ಟ್‌ವೇರನ್ನು ಅಪ್ಪನ ಮಷೀನಿಗೆ ಹಾಕಿದೆ. ಚಾರ್ಜು ಬೇಕೆಂದೇ ಕಡಿಮೆ ಇಟ್ಟೆ. ಪಾರ್ಕಿನ ದಾರಿಯಲ್ಲಿ ಅಪ್ಪ ಕೇಳಿದ: "ಇನ್ಮೇಲೆ ಕೂಗಲ್ವಾ?"

"ಗೊತ್ತಿಲ್ಲಪ್ಪಾ. ಕೂಗಿದ್ರೆ ನಂಗೆ ಹೇಳು."

ಅಪ್ಪ ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

ಎಲೆ ಹಂಚಿದರು. ಎಡಗೆನ್ನೆ ಅಂಗೈಗೆ ಹೋಯಿತು. ಸೀಟಿಯಿಲ್ಲ. ಪೋಸ್ಟ್‌ಮಾಸ್ಟರು ಯಾವುದೋ ಹಳಸಲು ಜೋಕ್ ಹೇಳಿದರು. ಅಪ್ಪ ಎಲ್ಲರಿಗಿಂತ ಮೊದಲು ನಕ್ಕ.

ವಾಪಸ್ ಬರುವಾಗ ಅಪ್ಪ ತಾನಾಗಿ ಬಾಯಿಬಿಟ್ಟ. "ಇನ್ನೊಂದಿದೆ ಕಣೇ. ನಲ್ಲಿ ಬಿಟ್ರೆ ಕಿವಿ ಒಳಗೆ ಮರಳು ಸುರಿದ ಹಾಗಾಗುತ್ತೆ. ಫೋನ್ ಬಲಗಿವಿಗೆ ಇಟ್ಕೊಂಡ್ರೆ ಅರ್ಧ ಮಾತು ನುಂಗುತ್ತೆ. ನಿನ್ನ ಗಂಡಂಗೆ ಸ್ವಲ್ಪ ಮೆತ್ತಗೆ ಮಾತಾಡೋಕೆ ಹೇಳು, ತಲೆ ಸಿಡಿಯುತ್ತೆ. ಮತ್ತೆ ನೀನು..."

"ನಾನೇನು?"

"ಮೊದ್ಲೆಲ್ಲ ಎಷ್ಟು ಜೋರಾಗಿ ಹೇಳ್ತಿದ್ದೆ ಅಂದ್ರೆ, ಇದು ಹಾಕ್ಕೊಂಡಿಲ್ಲದೇ ಇದ್ರೂ ಎಲ್ಲಾ ಕೇಳ್ಸೋದು. ಆದ್ರೆ ನಾನು ಹೇಳಿದ್ದು..." ಎಂದು ತಡೆದ. "ಹೋಗ್ಲಿ ಬಿಡು. ಈಗ ಕೇಳ್ತಿದೀಯಲ್ಲ."

ಮನೆ ಬಂದಿತ್ತು. ಗೇಟಿನ ಹತ್ತಿರ ಅಪ್ಪನಿಗೆ ಇನ್ನೂ ಎರಡು ನೆನಪಾದವು. ಅಲ್ಲೇ ಕಲ್ಲಿನ ಮೇಲೆ ಕೂತು ಶುರುಮಾಡಿದ. ನಾನೂ ಪಕ್ಕದಲ್ಲಿ ಕೂತು, ಹೂಂ ಎಂದೆ.